ಎಮ್ಮೆ ಬಂತು, ಚಿತ್ತಿ ಬಂದಳು

“ಗುರುಗಳೇ, ನಾನು ಜಲಬಾಧೆ ತೀರಿಸಿಕೊಂಡು ಬರಲೇ?”

ಹಾಲಸ್ವಾಮಿ ಎದ್ದು ನಿಂತು ಹೀಗೆ ಕೇಳಿದ್ದೇ ತಡ, ಐದನೇ ಕ್ಲಾಸು ಗೊಳ್ಳೆಂದು ನಕ್ಕಿತು.

ರಂಗಪ್ಪ ಮೇಷ್ಟ್ರು ನಗಲಿಲ್ಲ. “ಭಾಷೆ ಸರಿಯಾಗಿದೆ. ಹೋಗಿ ಬಾ” ಎಂದರು.

ಹಾಲಸ್ವಾಮಿ ಬಾಗಿಲ ತನಕ ಗತ್ತಿನಿಂದ ನಡೆದ. ಹೊಸ್ತಿಲು ದಾಟಿದವನೇ, “ದಾರಿ ಬಿಡ್ರಲೇ, ತಡ್ಕಳಾಕಾಗ್ತಿಲ್ಲ!” ಎಂದು ಕೂಗಿ ಓಟ ಕಿತ್ತ.

“ವಾಪಸು ಬಂದ ಮೇಲೆ ಅವನು ಬೆಂಚು ಹತ್ತಲಿ” ಎಂದರು ಮೇಷ್ಟ್ರು.

ಹೊಳಲ್ಕೆರೆಯ ಅಂಚಿನಲ್ಲಿದ್ದ ಆ ಶಾಲೆಯಲ್ಲಿ ಈ ಬೆಂಚು ಹತ್ತುವ ಕಾಟ ಶುರುವಾಗಿದ್ದು ನವೆಂಬರ್ ತಿಂಗಳಲ್ಲಿ. ಆಗಷ್ಟೇ ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೊಸ ಹೆಸರು ಬಂದಿತ್ತು. ಊರೆಲ್ಲ ಬಾವುಟ ಕಟ್ಟಿ ಸಿಹಿ ಹಂಚಿತು. ರಂಗಪ್ಪ ಮೇಷ್ಟ್ರಿಗೆ ಅಷ್ಟು ಸಾಲಲಿಲ್ಲ. “ನಾಡಿಗೆ ಚೆಂದದ ಹೆಸರು ಬಂದಿದೆ. ಇನ್ನು ನಮ್ಮ ಮಾತೂ ಚೆಂದವಾಗಬೇಕು” ಎಂದು ದಿನದ ಕೊನೆಯ ಪೀರಿಯಡ್ಡನ್ನು ಪುಸ್ತಕದ ಕನ್ನಡಕ್ಕೆ ಮೀಸಲಿಟ್ಟರು. ಆ ಹೊತ್ತಿನಲ್ಲಿ ‘ಐತೆ’ ಎನ್ನುವಂತಿಲ್ಲ, ‘ಇದೆ’ ಎನ್ನಬೇಕು. ‘ಸಾರ್’ ಎನ್ನುವಂತಿಲ್ಲ, ‘ಗುರುಗಳೇ’ ಎನ್ನಬೇಕು. ಬಾಯಿ ತಪ್ಪಿದವರು ಬೆಂಚಿನ ಮೇಲೆ ನಿಲ್ಲಬೇಕು. ಮನೆಗೆ ಬಿಡುವ ಗಂಟೆ ಬಾರಿಸುವ ತನಕ ಕೆಳಗಿಳಿಯುವ ಹಾಗಿಲ್ಲ.

“ಈ ನಿಯಮ ಎಲ್ಲರಿಗೂ ಒಂದೇ. ನಾನು ತಪ್ಪಿದರೆ ನನಗೂ ಅದೇ” ಎಂದು ಮೇಷ್ಟ್ರು ಎದೆ ತಟ್ಟಿಕೊಂಡು ಹೇಳಿದ್ದರು. ಅವರು ತಪ್ಪುವುದುಂಟೇ? ಅವರು ಆಕಳಿಸಿದರೂ ಪುಸ್ತಕದ ಕನ್ನಡದಲ್ಲೇ ಆಕಳಿಸುತ್ತಾರೆ ಎಂದು ಮಕ್ಕಳು ನಂಬಿದ್ದರು.

ಎರಡನೇ ಸಾಲಿನ ಬೆಂಚಿನಲ್ಲಿ ಚಿತ್ತಮ್ಮ ಕುಳಿತಿದ್ದಳು. ಮನೆಯಲ್ಲಿ, ಬೀದಿಯಲ್ಲಿ ಎಲ್ಲರೂ ಅವಳನ್ನು ಚಿತ್ತಿ ಎನ್ನುತ್ತಿದ್ದರು. ಚಿತ್ತಿಯ ಕಣ್ಣು ಮಾತ್ರ ಯಾವಾಗಲೂ ಕಿಟಕಿಯಾಚೆ ಇರುತ್ತಿತ್ತು.

ಆಚೆ ಅಂಗಳದ ಹುಣಸೆ ಮರಕ್ಕೆ ರೈಲು ಕಂಬಿಯ ಒಂದು ತುಂಡನ್ನು ನೇತು ಹಾಕಿದ್ದರು. ಅದೇ ಶಾಲೆಯ ಗಂಟೆ. ಪಕ್ಕದಲ್ಲಿ ಒಂದು ಕಬ್ಬಿಣದ ಸರಳು. ಸರಳೆತ್ತಿ ಹೊಡೆದರೆ ‘ಢಣ್’ ಎಂದು ಕೆರೆ ಏರಿಯ ತನಕ ಕೇಳುತ್ತಿತ್ತು. ಒಂದು ಏಟಿಗೆ ಇಡೀ ಶಾಲೆ ಎದ್ದು ನಿಲ್ಲುತ್ತಿತ್ತು, ಇನ್ನೊಂದಕ್ಕೆ ಓಡುತ್ತಿತ್ತು. ಅಂಥ ಕೆಲಸ ಯಾರಿಗೆ ಬೇಡ? ಚಿತ್ತಿ ಮನೆಯಲ್ಲಿ ಸೌಟಿನಿಂದ ಕೊಡಪಾನಕ್ಕೆ ಹೊಡೆದು ಹೊಡೆದು ಅಭ್ಯಾಸ ಮಾಡಿ, ಅವ್ವನ ಕೈಲಿ ಅದೇ ಸೌಟಿನ ರುಚಿಯನ್ನೂ ಕಂಡಿದ್ದಳು.

ಆದರೆ ಗಂಟೆಯ ಪಾಳಿ ಹುಡುಗರದು. ಹುಡುಗಿಯರ ಪಾಳಿ ಕಸಪೊರಕೆಯದು. ಈ ವಾರ ಗಂಟೆ ಮುರುಗಪ್ಪನ ಕೈಯಲ್ಲಿತ್ತು. ಅವನು ಜಾಣ. ಕೊನೆಯ ಪೀರಿಯಡ್ಡಿನಲ್ಲಿ ತುಟಿ ಬಿಚ್ಚುತ್ತಲೇ ಇರಲಿಲ್ಲ. ಬೆಂಚು ಹತ್ತಿದರೆ ಗಂಟೆ ಕೈತಪ್ಪುತ್ತದಲ್ಲ!

ಅವತ್ತು ಚಿತ್ತಿ ಧೈರ್ಯ ಮಾಡಿ ಎದ್ದು ನಿಂತಳು. “ಗುರುಗಳೇ, ಮುಂದಿನ ವಾರ ಗಂಟೆಯನ್ನು ನಾನು ಬಾರಿಸಲೇ?”

“ವಾಕ್ಯ ಬಹಳ ಚೆನ್ನಾಗಿದೆ” ಎಂದರು ಮೇಷ್ಟ್ರು. “ಆದರೆ ಹೆಣ್ಣುಮಕ್ಕಳು ಗಂಟೆ ಬಾರಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ಕುಳಿತುಕೋ.”

“ಏಕೆ ಇಲ್ಲ, ಗುರುಗಳೇ?”

“ಪದ್ಧತಿಗೆ ‘ಏಕೆ’ ಎಂಬುದು ಇರುವುದಿಲ್ಲ, ಚಿತ್ತಮ್ಮ.”

ಮುರುಗಪ್ಪ ಬಾಯಿ ಬಿಡದೆಯೇ ಕಿವಿಯಿಂದ ಕಿವಿಗೆ ನಕ್ಕ. ಚಿತ್ತಿಗೆ ಮೈಯೆಲ್ಲ ಉರಿಯಿತು.

ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಸೀಮೆಸುಣ್ಣದಲ್ಲಿ ಮೂರು ಮನೆ ಬರೆದರು. ಮೊದಲನೆಯದು ಪುಲ್ಲಿಂಗ: ಹುಡುಗ ಬಂದನು. ಎರಡನೆಯದು ಸ್ತ್ರೀಲಿಂಗ: ಹುಡುಗಿ ಬಂದಳು. ಮೂರನೆಯದು ನಪುಂಸಕಲಿಂಗ: ಎಮ್ಮೆ ಬಂದಿತು, ಮರ ಬಿದ್ದಿತು, ಕಲ್ಲು ಉರುಳಿತು.

“ಗಂಡಸರು ಮೊದಲನೆಯ ಮನೆ. ಹೆಂಗಸರು ಎರಡನೆಯ ಮನೆ. ದನ, ಗಿಡ, ಮರ, ಮೇಜು, ಕುರ್ಚಿ ಎಲ್ಲವೂ ಮೂರನೆಯ ಮನೆ. ಇದನ್ನು ಯಾರೂ ಅಳಿಸಬಾರದು. ವಾರವಿಡೀ ಇರಲಿ” ಎಂದರು.

ಸಂಜೆ ಚಿತ್ತಿ ಮನೆಗೆ ಬಂದಾಗ ಅವಳ ಅಪ್ಪ ಗೋವಿಂದಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಅವ್ವ ಒಳಗೆ ಒಲೆಯ ಮುಂದೆ ಇದ್ದಳು. ಅಪ್ಪ ತಲೆಯೆತ್ತದೆ ಕೂಗಿದ.

“ಏ ಇವ್ಳೇ, ಎಮ್ಮೆ ಬಂತಾ?”

“ಬಂತು!” ಎಂದಳು ಅವ್ವ ಒಳಗಿನಿಂದ.

“ಹುಡುಗಿ ಬಂತಾ?”

“ಈಗ ಬಂತು ನೋಡು!”

“ಸಣ್ಣಪ್ಪ?”

“ಅವ್ನು ಆಗ್ಲೇ ಬಂದ. ಹಿತ್ಲಾಗೆ ಮಣ್ಣಾಡ್ತಾ ಕುಂತವ್ನೆ!”

ಚಿತ್ತಿ ಬ್ಯಾಗು ಇಳಿಸುವುದನ್ನೂ ಮರೆತು ನಿಂತುಬಿಟ್ಟಳು. ಬೋರ್ಡಿನ ಮೇಲಿನ ಮೂರು ಮನೆಗಳು ಕಣ್ಣ ಮುಂದೆ ಬಂದವು. ಎಮ್ಮೆ ಬಂತು. ಹುಡುಗಿ ಬಂತು. ಸಣ್ಣಪ್ಪ ಬಂದ. ನಾಲ್ಕು ವರ್ಷದ ತಮ್ಮ ಸಣ್ಣಪ್ಪ, ಇನ್ನೂ ಮೂಗು ಒರೆಸಿಕೊಳ್ಳಲು ಬಾರದವನು, ಮೊದಲನೆಯ ಮನೆಯಲ್ಲಿ ಇದ್ದಾನೆ. ಮಗ್ಗಿ ತಪ್ಪಿಲ್ಲದೆ ಹೇಳುವ ತಾನು ಎಮ್ಮೆಯ ಮನೆಯಲ್ಲಿ!

ಕೊಟ್ಟಿಗೆಯಿಂದ ಎಮ್ಮೆ ಮೆಲುಕು ಹಾಕುತ್ತಾ ಅವಳನ್ನೇ ನೋಡಿತು. ಬಾ, ಜಾಗ ಇದೆ ಎಂದು ಕರೆದ ಹಾಗಿತ್ತು.

“ಹುಡುಗೀನ ಒಂದು ಕೊಡ ನೀರು ತರಾಕೆ ಕಳ್ಸು” ಎಂದ ಅಪ್ಪ.

ಚಿತ್ತಿ ಅಂಗಳದ ನಡುವೆ ಕೈಕಾಲು ನೆಲಕ್ಕೂರಿ, ಬೆನ್ನು ಚಪ್ಪಟೆ ಮಾಡಿ ನಿಂತಳು.

“ಇದೇನೇ ಇದು?” ಅವ್ವ ಸೌಟು ಹಿಡಿದೇ ಹೊರಗೆ ಬಂದಳು.

“ನಾನು ಸ್ಟೂಲು. ಸ್ಟೂಲು ನೀರು ತರಲ್ಲ.”

ಜಗಲಿಯ ಮೇಲಿದ್ದ ಅಜ್ಜಿ ಕಾಳಕ್ಕನಿಗೆ ಇದು ಬಹಳ ಹಿಡಿಸಿತು. “ಸ್ಟೂಲಾ? ಒಳ್ಳೇದೇ ಆತು ಬಿಡು. ನಂಗೂ ಮಂಡಿ ನೋವು” ಎಂದವಳೇ ಎದ್ದು ಬಂದು ಮೊಮ್ಮಗಳ ಬೆನ್ನ ಮೇಲೆ ಕುಂತೇಬಿಟ್ಟಳು. ಸ್ಟೂಲು ‘ಅಯ್ಯಯ್ಯೋ’ ಎಂದು ಕಿರುಚಿ ನೆಲಕ್ಕೆ ಕವುಚಿತು. ಅಜ್ಜಿಯೂ ಮೊಮ್ಮಗಳೂ ಧೂಳಲ್ಲಿ ಉರುಳಿ ನಕ್ಕರು. ಅಪ್ಪನೂ ಹಗ್ಗ ಬಿಟ್ಟು ನಕ್ಕ.

ನಗು ನಿಂತ ಮೇಲೆ ಚಿತ್ತಿ ಎಲ್ಲ ಹೇಳಿದಳು. ಗಂಟೆಯ ವಿಷಯ, ಮೂರು ಮನೆಯ ವಿಷಯ.

“ಅಯ್ಯೋ, ಇದಕ್ಕಾ?” ಎಂದ ಅಪ್ಪ. “ಅದು ಮಾತಿನ ರೂಢಿ ಕಣವ್ವಾ. ಮೊದ್ಲಿಂದ್ಲೂ ಹಂಗೇ ಅನ್ನದು.”

“ಅಜ್ಜೀ, ನೀನೂ ‘ಬಂತು’ನಾ?”

“ಇನ್ನೇನು ಮತ್ತೆ?” ಎಂದಳು ಅಜ್ಜಿ ಸೆರಗಿನ ಧೂಳು ಕೊಡವುತ್ತಾ. “ಹುಟ್ಟಿದಾಗ ‘ಹೆಣ್ಣು ಹುಟ್ತು’ ಅಂದ್ರು. ಈ ಮನೆಗೆ ಬಂದಾಗ ‘ಸೊಸೆ ಬಂತು’ ಅಂದ್ರು. ನಾಳೆ ಕಣ್ಮುಚ್ಚಿದ್ರೆ ‘ಮುದುಕಿ ಹೋತು’ ಅಂತಾರೆ. ದಿಲ್ಲಿಯಾಗೆ ದೇಶ ಆಳ್ತಾಳಲ್ಲ ಆಯಮ್ಮ, ಆಕೇಗೂ ನಿಮ್ಮಪ್ಪ ‘ರೇಡಿಯೋದಾಗೆ ಮಾತಾಡ್ತು’ ಅಂತಾನೆ.”

ಅಪ್ಪ ಮತ್ತೆ ಹಗ್ಗ ಹೊಸೆಯತೊಡಗಿದ.

ಚಿತ್ತಿ ಕೊಡ ಎತ್ತಿಕೊಂಡು ನೀರಿಗೆ ಹೊರಟಳು. ಹೋಗುವಾಗ ತಿರುಗಿ, “ಅಪ್ಪಾ, ಚಿತ್ತಮ್ಮ ನೀರು ತರಲು ಹೋದಳು” ಎಂದಳು. ಇನ್ನು ಮೇಲೆ ಎಲ್ಲೆಲ್ಲೂ ಪುಸ್ತಕದ ಕನ್ನಡವನ್ನೇ ಆಡುವುದೆಂದು ಅವಳು ಆಗಲೇ ತೀರ್ಮಾನಿಸಿಬಿಟ್ಟಿದ್ದಳು.

ಮಾರನೇ ದಿನ ಶಾಲೆಯ ದಾರಿಯಲ್ಲಿ ಗೆಳತಿ ರೆಹಾನಾಗೆ ಇದನ್ನೆಲ್ಲ ಹೇಳಿದಳು. ರೆಹಾನಾ ಬಸ್ ಸ್ಟ್ಯಾಂಡಿನ ಹತ್ತಿರದ ಟೈಲರ್ ಬಡೇಸಾಬರ ಮಗಳು. ಮನೆಯಲ್ಲಿ ಅವರ ಮಾತು ಉರ್ದು.

“ನಮ್ಮಲ್ಲಿ ಹಂಗಿಲ್ಲಪ್ಪ” ಎಂದಳು ರೆಹಾನಾ. “ಅಣ್ಣ ಬಂದ್ರೆ ‘ಆಯಾ’, ನಾನು ಬಂದ್ರೆ ‘ಆಯಿ’. ಮೂರನೇ ಮನೇನೇ ಇಲ್ಲ.”

“ಮತ್ತೆ ಕುರ್ಚಿ ಬಂದರೆ?”

“ಕುರ್ಚಿಗೂ ‘ಆಯಿ’. ಕುರ್ಚಿ ನಮ್ಮಲ್ಲಿ ಹೆಣ್ಣು.”

ಚಿತ್ತಿ ನಡುದಾರಿಯಲ್ಲೇ ನಿಂತಳು. ಎಂಥ ಅನ್ಯಾಯ! ರೆಹಾನಾಳ ಮನೆಯ ಕುರ್ಚಿ ಕೂಡ ‘ಬಂದಳು’, ತಾನು ಮಾತ್ರ ‘ಬಂತು’!

“ಹಂಗಂತ ನಂಗೇನು ಗಂಟೆ ಕೊಟ್ರಾ?” ಎಂದಳು ರೆಹಾನಾ ಮೂತಿ ಉದ್ದ ಮಾಡಿ. “ಇವತ್ತು ಕಸ ಹೊಡೆಯೋ ಪಾಳಿ ನಂದೇ. ನಡಿ ನಡಿ, ಹೋಗಾಣ.”

ಅವತ್ತು ಹೆಡ್‌ಮೇಷ್ಟ್ರು ಮೀಟಿಂಗಿಗೆಂದು ದುರ್ಗಕ್ಕೆ ಹೋಗಿದ್ದರು. ಕೊನೆಯ ಪೀರಿಯಡ್ಡು ತೂಕಡಿಸುತ್ತಾ ಸಾಗಿತ್ತು. ಬೆಂಚಿನ ಮೇಲೆ ಯಾರೂ ನಿಂತಿರಲಿಲ್ಲ. ಮುರುಗಪ್ಪ ಎಂದಿನಂತೆ ಬಾಯಿಗೆ ಬೀಗ ಹಾಕಿ ಕುಳಿತಿದ್ದ. ಅಷ್ಟರಲ್ಲಿ ತೆರೆದ ಬಾಗಿಲಿನಿಂದ ಒಂದು ಕರಿ ಮೇಕೆ ಒಳಗೆ ನುಗ್ಗಿತು. ನೇರವಾಗಿ ಮೇಷ್ಟ್ರ ಕುರ್ಚಿಯ ಹತ್ತಿರ ಹೋಗಿ, ಅದರ ಮೇಲೆ ಹಾಕಿದ್ದ ಶಲ್ಯದ ಅಂಚನ್ನು ಬಾಯಿಗೆ ಹಾಕಿಕೊಂಡಿತು.

“ಅಯ್ಯಯ್ಯೋ, ಮೇಕೆ ಬಂತ್ರಲೋ!” ಎಂದ ಹಾಲಸ್ವಾಮಿ.

“ಹಿಡೀರಲೇ!”

“ಬಾಗ್ಲು ಹಾಕ್ರಿ, ಬಾಗ್ಲು!”

“ಯಾ ಅಲ್ಲಾ!” ಎಂದು ರೆಹಾನಾ ಕಾಲು ಮೇಲೆತ್ತಿಕೊಂಡಳು.

ಗದ್ದಲಕ್ಕೆ ಬೆದರಿದ ಮೇಕೆ ಬೆಂಚುಗಳ ನಡುವೆ ಓಡಿ ಮುರುಗಪ್ಪನ ಕಾಲು ತುಳಿಯಿತು. ವಾರವಿಡೀ ಕಾಪಾಡಿಕೊಂಡಿದ್ದ ಬೀಗ ಪಟ್ಟನೆ ಕಿತ್ತುಹೋಯಿತು. “ಸತ್ನೆಪ್ಪೋ! ಕಾಲು ತುಳೀತು ಸಾ!”

ಆಗ ಚಿತ್ತಿ ಎದ್ದು ನಿಂತಳು. “ಗುರುಗಳೇ, ಮೇಕೆಯು ತಮ್ಮ ಶಲ್ಯವನ್ನು ತಿನ್ನುತ್ತಿದೆ” ಎಂದಳು. ಹೋಗಿ ಒಂದು ಕೈಯಲ್ಲಿ ಅದರ ಕೊಂಬು, ಇನ್ನೊಂದರಲ್ಲಿ ಕಿವಿ ಹಿಡಿದು, ಬಾಯಿಂದ ಶಲ್ಯ ಬಿಡಿಸಿ, ಮೇಕೆಯನ್ನು ಹೊರಗೆ ಎಳೆದುಕೊಂಡು ಹೋದಳು.

ಮೇಷ್ಟ್ರು ಅರ್ಧ ತಿಂದ ಶಲ್ಯವನ್ನು ಕೊಡವಿ ಮೇಜು ಗುದ್ದಿದರು. “ನಾಚಿಕೆಯಾಗಬೇಕು! ಒಂದು ಮೇಕೆ ಬಂದರೆ ಭಾಷೆ ಬಿಟ್ಟುಬಿಡುವುದೇ? ಕೂಗಿದವರೆಲ್ಲ ಬೆಂಚು ಹತ್ತಿ!”

ಕೂಗದವರು ಯಾರಿದ್ದರು? ಹುಡುಗರು ಹತ್ತಿದರು, ಹುಡುಗಿಯರು ಹತ್ತಿದರು. ‘ಯಾ ಅಲ್ಲಾ’ ಲೆಕ್ಕಕ್ಕಿಲ್ಲವೆಂದು ರೆಹಾನಾ ವಾದ ಮಾಡಿ ನೋಡಿದಳು, ನಡೆಯಲಿಲ್ಲ. ಮುರುಗಪ್ಪ ಕುಂಟುತ್ತಾ ಹತ್ತಿದ. ಮೇಷ್ಟ್ರು ಸಾಲು ಸಾಲಾಗಿ ನೋಡುತ್ತಾ ಬಂದರು. ಒಂದು ಜಾಗ ಖಾಲಿ ಇತ್ತು.

“ಆ ಹುಡುಗಿ ಎಲ್ಲಿ ಹೋತು?” ಎಂದರು.

ಮುರುಗಪ್ಪನಿಗೆ ಕಾಲುನೋವು ಮರೆತೇಹೋಯಿತು. “ಗುರುಗಳೇ! ‘ಹೋತು’ ತಪ್ಪು! ‘ಹೋಯಿತು’ ಎನ್ನಬೇಕು!”

ಮೇಷ್ಟ್ರು ನಾಲಿಗೆ ಕಚ್ಚಿಕೊಂಡರು. “ಸರಿ, ಸರಿ. ಆ ಹುಡುಗಿ ಎಲ್ಲಿ ಹೋಯಿತು?”

“ಅದೂ ತಪ್ಪು, ಗುರುಗಳೇ.”

ಎಲ್ಲರೂ ತಿರುಗಿ ನೋಡಿದರು. ಬಾಗಿಲಲ್ಲಿ ಚಿತ್ತಿ ನಿಂತಿದ್ದಳು. ಮೇಷ್ಟ್ರ ತಪ್ಪು ಹಿಡಿಯುವುದೆಂದರೆ ತಮಾಷೆಯೇ? ಆದರೆ ಬಾಯಿಗೆ ಬಂದ ಮಾತನ್ನು ನುಂಗಲು ಅವಳಿಗೆ ಆಗಲಿಲ್ಲ.

“‘ಹೋಯಿತು’ ಎಂಬುದು ಮೇಕೆಗೆ, ಗುರುಗಳೇ. ಮೇಕೆ ಹೋಯಿತು.” ಅವಳು ಬೋರ್ಡಿನ ಎರಡನೆಯ ಮನೆಯ ಕಡೆ ಬೆರಳು ತೋರಿಸಿದಳು. “ಹುಡುಗಿ ಹೋದಳು.”

ಮೇಷ್ಟ್ರು ನಿಧಾನವಾಗಿ ಬೋರ್ಡಿನ ಕಡೆ ತಿರುಗಿದರು. ಅವರೇ ಬರೆದ ಮೂರು ಮನೆಗಳು ಹಾಗೇ ಇದ್ದವು. ಮೂರನೆಯ ಮನೆಯಲ್ಲಿ ಎಮ್ಮೆ, ಮರ, ಕಲ್ಲು. ಅವರ ಕಿವಿ ಕೆಂಪಗಾಯಿತು.

“ಇಷ್ಟು ವರ್ಷದಿಂದ ಇದನ್ನೇ ಪಾಠ ಮಾಡ್ತಾ ಇದೀನಲ್ಲ...” ಎಂದು ತಮಗೆ ತಾವೇ ಗೊಣಗಿದರು.

“ಗುರುಗಳೇ, ‘ಮಾಡುತ್ತಿದ್ದೇನಲ್ಲ’!” ಎಂದು ಇಡೀ ಕ್ಲಾಸು ಒಂದೇ ಬಾಯಲ್ಲಿ ಕೂಗಿತು.

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಚಪ್ಪಲಿ ಬಿಟ್ಟರು, ಪಂಚೆ ಎತ್ತಿ ಕಟ್ಟಿದರು, ಹಾಲಸ್ವಾಮಿಯ ಹೆಗಲು ಹಿಡಿದು ಅವನ ಪಕ್ಕದಲ್ಲಿ ಬೆಂಚು ಹತ್ತಿ ನಿಂತರು. ಬೆಂಚು ಕಿರ್ರೆಂದು ಅಳುತ್ತಾ ತಡೆದುಕೊಂಡಿತು. ತಾವು ಮಾಡಿದ ನಿಯಮಕ್ಕೆ ಹೀಗೆ ತಲೆಬಾಗಿದವರನ್ನು ನೋಡಿ ಮಕ್ಕಳಿಗೆ ಮೊದಲು ನಗು ಬಂತು, ಆಮೇಲೆ ಅವರ ಮೇಲೆ ಪ್ರೀತಿ ಬಂತು.

ಸ್ವಲ್ಪ ಹೊತ್ತಿಗೆ ಮೇಷ್ಟ್ರು ಕೈಗಡಿಯಾರ ನೋಡಿದರು. “ಗಂಟೆ ಬಾರಿಸುವ ವೇಳೆಯಾಯಿತು.”

ಮುರುಗಪ್ಪ ಕೆಳಗೆ ಹಾರಲು ಮೊಣಕಾಲು ಮಡಚಿದ.

“ನಿಲ್ಲು! ಗಂಟೆ ಬಾರಿಸುವ ತನಕ ಯಾರೂ ಇಳಿಯುವಂತಿಲ್ಲ.”

“ಗುರುಗಳೇ, ಬಾರಿಸುವವನು ನಾನೇ ಅಲ್ಲವೇ?”

“ಬಾರಿಸಬೇಕಾದರೆ ನೀನು ಇಳಿಯಬೇಕು. ನೀನು ಇಳಿಯಬೇಕಾದರೆ ಗಂಟೆ ಬಾರಿಸಬೇಕು” ಎಂದರು ಮೇಷ್ಟ್ರು. ಹೇಳಿದ ಮೇಲೆ ಅವರಿಗೇ ಗಾಬರಿಯಾಯಿತು. ಹಾಗಾದರೆ ರಾತ್ರಿಯೆಲ್ಲ ಇಲ್ಲೇ ನಿಲ್ಲುವುದೇ? ಪಕ್ಕದ ಕ್ಲಾಸಿನಿಂದ “ಬೆಲ್ಲು! ಬೆಲ್ಲು!” ಎಂಬ ಕೂಗು ಆಗಲೇ ಶುರುವಾಗಿತ್ತು.

ಒಬ್ಬೊಬ್ಬರಾಗಿ ಎಲ್ಲರೂ ನೆಲದ ಕಡೆ ನೋಡಿದರು. ಇಡೀ ಕ್ಲಾಸಿನಲ್ಲಿ ನೆಲದ ಮೇಲೆ ಇದ್ದವಳು ಒಬ್ಬಳೇ.

“ಚಿತ್ತಮ್ಮ” ಎಂದರು ಮೇಷ್ಟ್ರು ಗಂಟಲು ಸರಿಮಾಡಿಕೊಂಡು.

ಚಿತ್ತಿ ಆಗಲೇ ಓಡಲು ತುದಿಗಾಲಲ್ಲಿದ್ದಳು. ಆದರೂ ಅವಳು ಅಷ್ಟು ಸುಲಭಕ್ಕೆ ಬಿಡುವವಳಲ್ಲ. “ಹೆಣ್ಣುಮಕ್ಕಳು ಗಂಟೆ ಬಾರಿಸುವ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ, ಗುರುಗಳೇ?” ಎಂದಳು.

ಮೇಷ್ಟ್ರು ಬೆಂಚಿನ ಮೇಲಿನಿಂದ ಅವಳನ್ನು ನೋಡಿದರು. ಮೀಸೆಯ ಕೆಳಗೆ ನಗು ಅಡಗಿತ್ತು. “ಪದ್ಧತಿ ಯಾವ ಲಿಂಗ?”

“ನಪುಂಸಕಲಿಂಗ, ಗುರುಗಳೇ.”

“ಹಾಗಾದರೆ ‘ಪದ್ಧತಿ ಹೋಯಿತು’ ಎಂದರೆ ತಪ್ಪಿಲ್ಲ. ಹೋಗು, ಬಾರಿಸು.”

ಚಿತ್ತಿ ಓಡಿದಳು. ಹುಣಸೆ ಮರದ ಕೆಳಗೆ ನಿಂತು ಸರಳು ಎತ್ತಿದಳು. ಅವಳು ಅಂದುಕೊಂಡದ್ದಕ್ಕಿಂತ ಭಾರವಿತ್ತು. ಮೊದಲನೇ ಏಟು ‘ಟಿಣ್’ ಎಂದಿತು. ಕಿಟಕಿಯಲ್ಲಿ ಮುರುಗಪ್ಪನ ಹಲ್ಲು ಕಂಡಿತು. ಚಿತ್ತಿ ಕಾಲು ಅಗಲ ಮಾಡಿ ನಿಂತಳು, ಎರಡೂ ಕೈಯಲ್ಲಿ ಸರಳು ಹಿಡಿದಳು, ತುಟಿ ಕಚ್ಚಿ ಬೀಸಿದಳು.

ಢಣ್!

ಮರದಲ್ಲಿದ್ದ ಗೊರವಂಕಗಳೆಲ್ಲ ಒಟ್ಟಿಗೆ ಹಾರಿದವು. ಢಣ್! ಢಣ್! ಢಣ್! ಎಲ್ಲ ಕ್ಲಾಸಿನಿಂದ ಮಕ್ಕಳು ಹೋ ಎಂದು ಹೊರಗೆ ಸುರಿದರು. ಐದನೇ ಕ್ಲಾಸಿನಲ್ಲಿ ಬೆಂಚಿನಿಂದ ಧುಮುಕುವ ಸದ್ದು ದಬದಬ ಕೇಳಿತು. ಇಷ್ಟು ಜನ ತನ್ನ ಕೈಯ ಮಾತು ಕೇಳಿದರಲ್ಲ ಎಂದು ಚಿತ್ತಿಗೆ ಹಿಗ್ಗೋ ಹಿಗ್ಗು.

“ಸಾಕು ನಿಲ್ಸೇ, ಕಂಬಿ ಮುರಿದೋಗತ್ತೆ” ಎನ್ನುತ್ತಾ ಬಂದ ಮುರುಗಪ್ಪನಿಗೆ ರೆಹಾನಾ ಎದುರಾದಳು. ಅವನ ಕೈಗೆ ಕಸಪೊರಕೆ ಕೊಟ್ಟು, “ನಿನ್ನ ಕೈ ಖಾಲಿ ಐತಲ್ಲ” ಎಂದಳು. ಮುರುಗಪ್ಪ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಶಲ್ಯದ ತೂತುಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಚಿತ್ತಿ ಮನೆಗೆ ಬಂದಾಗ ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ಕಂಡ ಕೂಡಲೇ ಎರಡೂ ಕೈ ಚಾಚಿದಳು.

“ಬಂತು, ನನ್ ಕೂಸು ಬಂತು!”

‘ಬಂದಳು’ ಎನ್ನಲು ಚಿತ್ತಿ ಬಾಯಿ ತೆರೆದಳು. ಅಷ್ಟರಲ್ಲಿ ಅಜ್ಜಿಯ ಕೈ ಅವಳ ಕೆನ್ನೆ ಸವರಿತು. ಕೈಯಿಂದ ಅವರೆಕಾಯಿಯ ಸೊಗಡಿನ ವಾಸನೆ ಬರುತ್ತಿತ್ತು. ಈ ‘ಬಂತು’ ಎಮ್ಮೆಯ ಮನೆಯದಲ್ಲ ಎಂದು ಅವಳಿಗೆ ಅನ್ನಿಸಿತು. ಬಾಯಿ ಮುಚ್ಚಿ, ಅಜ್ಜಿಯ ಮಗ್ಗುಲಲ್ಲಿ ಕುಳಿತು ತಾನೂ ಅವರೆಕಾಯಿ ಬಿಡಿಸತೊಡಗಿದಳು.

ಅಪ್ಪ ಹೊಲದಿಂದ ಬಂದವನೇ, “ಇವತ್ತು ಇಸ್ಕೂಲ್ ಗಂಟೆ ಹೊಡೆದೋನು ಯಾವನು?” ಎಂದ. “ಕೆರೆ ಆಚೆ ಹೊಲದ ತನಕ ಕೇಳ್ತು. ಎತ್ತು ನೇಗಿಲು ಎಳೆಯೋದು ಬಿಟ್ಟು ನಿಂತ್ಕಂಡ್ವು!”

ಚಿತ್ತಿ ತಲೆ ಬಗ್ಗಿಸಿದಳು. ಬಾಗಿಲ ಹಿಂದಿನಿಂದ ಸಣ್ಣಪ್ಪ ಓಡಿ ಬಂದು ಕಿರುಚಿದ. ಬೀದಿಯಲ್ಲಿ ಅವನಿಗೆ ಸುದ್ದಿ ಆಗಲೇ ಸಿಕ್ಕಿತ್ತು.

“ನಮ್ಮಕ್ಕ ಹೊಡೀತು!”

“ಚಿತ್ತಿ ಹೊಡೀತಾ?” ಎಂದು ಅಪ್ಪ ಕಣ್ಣರಳಿಸಿದ. ಅಜ್ಜಿ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ ಮಗನ ಮುಖವನ್ನೇ ನೋಡಿದಳು. ಅಪ್ಪ ತಲೆ ಕೆರೆದುಕೊಂಡ. ನಿನ್ನೆಯ ಸ್ಟೂಲು ನೆನಪಾಯಿತೇನೋ.

“ಹೊಡೆದ್ಲಾ?” ಎಂದ. ಆ ಮಾತು ಅವನ ಬಾಯಿಗೇ ಹೊಸದಾಗಿತ್ತು. ಸರಿಯಾಗಿದೆಯೇ ಎಂದು ನೋಡುವವನ ಹಾಗೆ ಇನ್ನೊಂದು ಸಲ ಹೇಳಿದ. “ಗಂಟೆ ನಮ್ಮ ಚಿತ್ತಿ ಹೊಡೆದ್ಲು!”

ಆಮೇಲೆ ಕೈಕಾಲು ತೊಳೆಯುವುದನ್ನೂ ಮರೆತು, ಬೇಲಿಯ ಹತ್ತಿರ ಹೋಗಿ ಪಕ್ಕದ ಮನೆಯವರಿಗೆ ಅದನ್ನೇ ಕೂಗಿ ಹೇಳತೊಡಗಿದ.

ಚಿತ್ತಿ ಮಡಿಲಿಗೆ ಇನ್ನೊಂದು ಹಿಡಿ ಕಾಯಿ ಎಳೆದುಕೊಂಡಳು. ಅವರೆಕಾಯಿ ಬಿಡಿಸುವ ಅವಳ ಅಂಗೈ ಇನ್ನೂ ಜುಮ್ಮೆನ್ನುತ್ತಿತ್ತು.